ಬೀಗ ತೆಗೆಯುವ ಮುಂಚೆ ಮೂರು ಉಸಿರು

ಮಾನಸಿಕ ರೋಗಿಗಳ ಕ್ಲೋಸ್ಡ್ ವಾರ್ಡಿನಲ್ಲಿ, ಅಂದರೆ ಸದಾ ಬೀಗ ಹಾಕಿರುವ ವಾರ್ಡಿನಲ್ಲಿ, ನರ್ಸ್ ಡ್ಯೂಟಿ ಮಾಡಲು ಶುರು ಮಾಡಿ ಹನ್ನೊಂದು ವರ್ಷ ಆಯಿತು. ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣಕ್ಕೆ ಗಮನ ಕೊಡುವ ಅಭ್ಯಾಸ, ನಮ್ಮ ಸ್ಟಾಫಿಗೆ ಮಾಡಿಸೋಣ ಅಂದಾಗ "ಮೊದಲು ಸ್ಟಾಫ್ ಕೊಡಲಿ ಸಿಸ್ಟರ್, ಆಮೇಲೆ ಧ್ಯಾನ" ಅಂದವರೇ ಎಲ್ಲ. ಅವರ ಮಾತಲ್ಲಿ ತಪ್ಪಿಲ್ಲ. ನಲವತ್ತು ಪೇಷೆಂಟಿಗೆ ನೈಟ್‌ನಲ್ಲಿ ನಾವು ಇಬ್ಬರೇ. ಆದರೂ ಮಾಡಿದೆ, ಫಲ ಸಿಕ್ಕಿತು.

ಮೊದಲ ಸಲ ಪೂರ್ತಿ ಕೆಟ್ಟಿತು. ಜಾನ್ ಕಬಟ್-ಜಿನ್ ಅನ್ನುವವರು 1979ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ 8 ವಾರದ ಮೈಂಡ್‌ಫುಲ್‌ನೆಸ್ ಕೋರ್ಸನ್ನು ಇದ್ದ ಹಾಗೇ ಇಳಿಸಿದೆ. ವಾರಕ್ಕೊಮ್ಮೆ ಎರಡೂವರೆ ಗಂಟೆ ಕ್ಲಾಸು, ಮನೆಯಲ್ಲಿ ದಿನಾ 45 ನಿಮಿಷ. ನೈಟ್ ಮುಗಿಸಿ ಹೋಗಿ ಮಕ್ಕಳಿಗೆ ಡಬ್ಬಿ ಕಟ್ಟುವವರಿಗೆ ಇದು ಆಗುತ್ತದಾ? ಟ್ರೈನರ್‌ಗೆ ಎರಡು ಕ್ಲಾಸಿಗೆ ಆರು ಸಾವಿರ, ಹನ್ನೆರಡು ಮ್ಯಾಟ್‌ಗೆ ಸುಮಾರು ನಾಲ್ಕು ಸಾವಿರ, ಎಲ್ಲಾ ನನ್ನ ಕೈಯಿಂದಲೇ ಹೋಯಿತು. ಮೂರನೇ ವಾರ ಬಂದವರು ನಾಲ್ಕೇ ಜನ. ಅದರಲ್ಲಿ ಮೂವರು ನಿದ್ದೆ ಹೋದರು. ಪಾಪ, ಅವರಿಗೆ ಬೇಕಿದ್ದದ್ದು ನಿದ್ದೆಯೇ.

ಅದಕ್ಕಿಂತ ದೊಡ್ಡ ತಪ್ಪು ಬಾಡಿ ಸ್ಕ್ಯಾನ್, ಅಂದರೆ ಮೈಯ ಒಂದೊಂದೇ ಭಾಗಕ್ಕೆ ಗಮನ ಕೊಡುತ್ತಾ ಹೋಗುವುದು. ಕಣ್ಣು ಮುಚ್ಚಿಸಿ ಮಾಡಿಸುತ್ತಿದ್ದೆ. ಕುತ್ತಿಗೆ ಹತ್ತಿರ ಬಂದ ಕೂಡಲೇ ಒಬ್ಬ ಸಿಸ್ಟರ್ ಬೆವರಿ, ನಡುಗಿ ಎದ್ದುಬಿಟ್ಟಳು. ಹಿಂದಿನ ತಿಂಗಳು ಪೇಷೆಂಟ್ ಒಬ್ಬರು ಅವಳ ಐಡಿ ಕಾರ್ಡಿನ ದಾರ ಹಿಡಿದು ಎಳೆದಿದ್ದರು. ನಾನು ಮುಂಚೆ ಕೇಳಬೇಕಿತ್ತು. ಅವತ್ತಿನಿಂದ ನಮ್ಮಲ್ಲಿ ಎಲ್ಲಾ ಕಣ್ಣು ಬಿಟ್ಟುಕೊಂಡೇ. ಉಸಿರು ನೋಡಲು ಕಷ್ಟ ಅಂದವರಿಗೆ ಪಾದ ನೆಲಕ್ಕೆ ತಾಗುವುದನ್ನು ಗಮನಿಸಲು ಹೇಳುತ್ತೇನೆ.

ದಾರಿ ಸಿಕ್ಕಿದ್ದು ಬೀಗದ ಹತ್ತಿರ. ದಿನಕ್ಕೆ ನಲವತ್ತೈವತ್ತು ಸಲ ಆ ಬಾಗಿಲು ತೆಗೆದು ಹಾಕುತ್ತೇವೆ ಅಲ್ವಾ? ಗಾಜಿನಲ್ಲಿ ಆ ಕಡೆ ಯಾರಿದ್ದಾರೆ ನೋಡಿಕೊಂಡು, ಕೀ ತೂರಿಸಿ, ಅದರ ತಣ್ಣಗಿನ ಕಬ್ಬಿಣ ಬೆರಳಿಗೆ ತಾಗುವಾಗ ಮೂರು ಉಸಿರು, ಆಮೇಲೆ ತಿರುಗಿಸುವುದು. ಒಳಗೆ ಗಲಾಟೆ ಆದರೆ ಇದೆಲ್ಲ ಬೇಡ, ಓಡಿ. ಶಿಫ್ಟ್ ಬದಲಾಗುವಾಗ ಹ್ಯಾಂಡೋವರ್ ಪುಸ್ತಕ ತೆರೆಯುವ ಮುಂಚೆ ಎರಡು ನಿಮಿಷ. ಪೇಷೆಂಟನ್ನು ರಿಸ್ಟ್ರೇನ್ ಮಾಡಬೇಕಾಗಿ, ಅಂದರೆ ಹಿಡಿದು ತಡೆಯಬೇಕಾಗಿ ಬಂದ ದಿನ, ಆಮೇಲೆ ಕೈ ತೊಳೆಯುವಾಗ ಇನ್ನೊಂದು ಸಲ. ಆ ಹೊತ್ತಿಗೆ ನಾನು ಹೇಳುವ ಒಂದು ಮಾತಿದೆ, ಇಲ್ಲಿ ಬರೆಯುವುದಿಲ್ಲ. ನಲ್ಲಿ ಪಕ್ಕ ನಿಂತು ಹೇಳಿದರೇ ಅದು ನಾಟುವುದು.

ನೈಟ್‌ನಲ್ಲಿ ನಾಲ್ಕು ಗಂಟೆಗೆ ಕಾರಿಡಾರಿನಲ್ಲಿ ನಿಧಾನ ನಡಿಗೆಯನ್ನೂ ಮಾಡಿ ನೋಡಿದೆ. ತೂಕಡಿಕೆ ಹೋಗುತ್ತದೆ, ಬೆಳಗಿನ ಇಂಜೆಕ್ಷನ್ ಹೊತ್ತಿಗೆ ತಲೆ ಚೆನ್ನಾಗಿರುತ್ತದೆ. ನಿದ್ದೆ ಬಾರದ ಪೇಷೆಂಟ್ ಒಬ್ಬರು ಹಿಂದೆಯೇ ಹೆಜ್ಜೆ ಹಾಕಿದರು. ಆದರೆ ಪೇಷೆಂಟಿಗೆ ಮಾಡಿಸುವುದು ಬೇರೆ ವಿಷಯ, ಡಾಕ್ಟರನ್ನು ಕೇಳದೆ ಬೇಡ.

ಒತ್ತಡ ಎಷ್ಟಿದೆ ಅಂತ ಅಳೆಯುವ ಪಿಎಸ್‌ಎಸ್ ಫಾರ್ಮಿನ ಹತ್ತು ಪ್ರಶ್ನೆ ತುಂಬಿಸಿದ್ದೆ, 40 ಅಂಕಕ್ಕೆ, ಕಡಿಮೆ ಬಂದಷ್ಟೂ ಒತ್ತಡ ಕಡಿಮೆ. ಹದಿನಾಲ್ಕು ಜನರ ಸರಾಸರಿ ಶುರುವಿನಲ್ಲಿ 25ರ ಹತ್ತಿರ ಇತ್ತು, ನಾಲ್ಕು ತಿಂಗಳ ಮೇಲೆ 18 ಇರಬೇಕು. ಈ ಬೀಗದ ದಾರಿಗೆ ಖರ್ಚು ಸೊನ್ನೆ. ಹಟ ಹಿಡಿದದ್ದಕ್ಕೆ ನನಗೆ ಹೆಮ್ಮೆಯಿದೆ. ಸ್ಟಾಫ್ ಕೇಳಿ ಬರೆಯುವ ಅರ್ಜಿಯನ್ನೂ ಬಿಟ್ಟಿಲ್ಲ, ಪ್ರತಿ ತಿಂಗಳು ಹೋಗುತ್ತದೆ.

ಈಗ ಎಮರ್ಜೆನ್ಸಿಯವರು ನಮಗೂ ಹೇಳಿಕೊಡಿ ಅಂತಿದ್ದಾರೆ. ಅಲ್ಲಿ ಬಾಗಿಲಿಗೆ ಬೀಗವೇ ಇಲ್ಲ. ಗ್ಲೌಸ್ ಹಾಕಿಕೊಳ್ಳುವ ಹೊತ್ತನ್ನು ಹಿಡಿದುಕೊಂಡಿದ್ದೇವೆ, ಮೂರು ವಾರ ಆಯಿತು.