ಮೂರು ಬಕೆಟ್, ಒಂದು ಹಂದಿ ಲಿವರ್: ಟ್ರಾಮಾ ತರಬೇತಿಗೆ ನಾವು ಕಟ್ಟಿದ ಮಾದರಿ (ನನ್ನ ಅನುಭವ)

"ಸತ್ತ ಲಿವರ್ ಇಟ್ಟುಕೊಂಡು ರಕ್ತಸ್ರಾವ ನಿಲ್ಲಿಸೋದು ಕಲಿಸ್ತೀರಾ?" ಎಂದು ಕೇಳಿದವರೇ ಈಗ ತಮ್ಮ ಪಿಜಿಗಳನ್ನು (ಸರ್ಜರಿ ಕಲಿಯುವ ಸ್ನಾತಕೋತ್ತರ ವೈದ್ಯರನ್ನು) ಶಿವಮೊಗ್ಗಕ್ಕೆ ಕಳಿಸುತ್ತಿದ್ದಾರೆ. ಆದ್ದರಿಂದ ಈ ಬರಹ. ಪ್ರಿಂಗಲ್ (ಲಿವರ್‌ಗೆ ರಕ್ತ ತರುವ ನಾಳಗಳಿಗೆ ಕ್ಲ್ಯಾಂಪ್ ಹಾಕುವುದು), ಪ್ಯಾಕಿಂಗ್ (ಬಟ್ಟೆಯ ಮಾಪ್ ತುರುಕಿ ಒತ್ತಿ ರಕ್ತ ನಿಲ್ಲಿಸುವುದು), ಗ್ರೇಡಿಂಗ್ (ಗಾಯದ ತೀವ್ರತೆಯ ದರ್ಜೆ) ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ವಿವರವಾಗಿ ಹೇಳುವುದಿಲ್ಲ.

ರಕ್ತ ಹೆಪ್ಪುಗಟ್ಟುವುದನ್ನೇ ಅಳೆಯುವ ಸಂಶೋಧನೆಗೆ ಅರಿವಳಿಕೆ ಕೊಟ್ಟ ಜೀವಂತ ಹಂದಿಯೇ ಬೇಕು. ಅದಕ್ಕೆ ಸಿಸಿಎಸ್‌ಇಎ (ಪ್ರಾಣಿ ಪ್ರಯೋಗಗಳ ಮೇಲ್ವಿಚಾರಣೆ ಮಾಡುವ ಕೇಂದ್ರ ಸಮಿತಿ) ಅನುಮತಿ, ಪ್ರಾಣಿಗೃಹ, ಅರಿವಳಿಕೆ ತಂಡ, ಪಶುವೈದ್ಯರು ಎಲ್ಲ ಬೇಕು. ಕ್ಲ್ಯಾಂಪ್ ಹಾಕುವುದು, ಒತ್ತುವುದು, ಹೊಲಿಯುವುದು ಕೈಗೆ ಹತ್ತಬೇಕು ಅಂದರೆ ಮಾಂಸಕ್ಕೆಂದು ಕಡಿದ ಹಂದಿಯ ಲಿವರ್ ಧಾರಾಳ ಸಾಕು. ಆದರೆ ಅದರೊಳಗೆ ಒತ್ತಡ ಇರಬೇಕು. ಖಾಲಿ ಲಿವರ್ ಮೇಲೆ ಕಲಿತದ್ದು ಆಪರೇಷನ್ ಟೇಬಲ್‌ನಲ್ಲಿ ಕೈಕೊಡುತ್ತದೆ.

ಮೊದಲ ತೊಡಕು ಅಂಗಡಿಯಲ್ಲೇ. ಕಡಿಯುವವರು ಲಿವರನ್ನು ಬುಡಕ್ಕೆ ಸರಿಯಾಗಿ ಕೊಯ್ದು ಕೊಡುತ್ತಾರೆ, ಹೈಲಮ್ (ರಕ್ತನಾಳಗಳು ಲಿವರ್ ಒಳಹೋಗುವ ಬಾಯಿ) ಉಳಿಯುವುದೇ ಇಲ್ಲ. ಹಾಗೆ ಬಂದದ್ದರಲ್ಲಿ ಕ್ಯಾನುಲಾ (ನೀರು ಹರಿಸಲು ನಾಳದೊಳಗೆ ಹಾಕುವ ಟ್ಯೂಬ್) ಲಿವರ್ ಬಾಯಲ್ಲೇ ಕೂರುತ್ತದೆ. ಆಗ ಎರಡು ತೊಂದರೆ: ಅದರ ತುದಿಯ ಗಾಳಿ ಬಲೂನು (ಕಫ್) ನಾಳದ ಒಂದು ಕವಲನ್ನು ಮುಚ್ಚಿ ಅರ್ಧ ಲಿವರ್‌ಗೆ ಹರಿವೇ ಹೋಗುವುದಿಲ್ಲ, ಪ್ರಿಂಗಲ್‌ಗೆ ಕ್ಲ್ಯಾಂಪ್ ಹಾಕಿದರೆ ಅದು ಗಟ್ಟಿ ಟ್ಯೂಬನ್ನೇ ಕಚ್ಚುತ್ತದೆ, ಹರಿವು ನಿಲ್ಲುವುದಿಲ್ಲ. ಆದ್ದರಿಂದ ಡುವೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ), ಪ್ಯಾಂಕ್ರಿಯಾಸ್ ತಲೆ, ವಪೆಯ (ಡಯಾಫ್ರಮ್) ಒಂದು ಪಟ್ಟಿ, ವೀನಾ ಕೇವಾದ (ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ನಾಳ) ಎರಡೂ ತುದಿ, ಎಲ್ಲವೂ ಒಟ್ಟಿಗೇ ಬರಬೇಕು. ಹಾಗೆ ಬಿಡಿಸಿಕೊಡಲು ಲಿವರ್ ಬೆಲೆಯ ಮೇಲೆ ಇನ್ನೂರು ರೂಪಾಯಿ ಕೊಡುತ್ತೇವೆ. ಈ ಇಡೀ ಮಾದರಿಯಲ್ಲಿ ಅದಕ್ಕಿಂತ ಸಾರ್ಥಕವಾದ ಖರ್ಚಿಲ್ಲ.

ಅಂಗಡಿಯಲ್ಲೇ, ಅರ್ಧ ಗಂಟೆಯೊಳಗೆ, ಲೀಟರಿಗೆ 5000 ಯೂನಿಟ್ ಹೆಪಾರಿನ್ ಹಾಕಿದ ಸಲೈನ್‌ನಿಂದ ಪೋರ್ಟಲ್ ವೇನ್ (ಕರುಳಿನ ರಕ್ತವನ್ನು ಲಿವರ್‌ಗೆ ತರುವ ನಾಳ) ತೊಳೆಯಿರಿ. ಕೇವಾದಿಂದ ತಿಳಿಯಾಗಿ ಬರಬೇಕು. ಎರಡು ಮೂರು ಲೀಟರ್ ಹಿಡಿಯುತ್ತದೆ. ಇದನ್ನು ತಡ ಮಾಡಿದರೆ ಒಳಗೆ ರಕ್ತ ಗಡ್ಡೆ ಕಟ್ಟಿ ಆಮೇಲೆ ಏನು ಮಾಡಿದರೂ ಹರಿವು ಬಾರದು. ಸಾದಾ ನೀರು ಬೇಡ, ಲಿವರ್ ಊದಿ ಬಿಳಿಚಿಕೊಳ್ಳುತ್ತದೆ. ಲೀಟರಿಗೆ 9 ಗ್ರಾಂ ಉಪ್ಪು ಇರಲೇಬೇಕು. ಐಸ್ ಪೆಟ್ಟಿಗೆಯಲ್ಲಿ ಮರುದಿನದವರೆಗೆ ಚೆನ್ನಾಗಿರುತ್ತದೆ. ಫ್ರೀಜರ್‌ಗೆ ಮಾತ್ರ ಹಾಕಬೇಡಿ: ಕರಗಿದ ಮೇಲೆ ಎಲ್ಲ ಕಡೆಯಿಂದ ಸೋರುತ್ತದೆ, ಹೊಲಿಗೆ ಹಿಡಿಯುವುದಿಲ್ಲ.

ಪೋರ್ಟಲ್‌ಗೆ ಕಫ್ ಇರುವ 7.5ರ ಎಂಡೋಟ್ರೇಕಿಯಲ್ ಟ್ಯೂಬ್ (ಶ್ವಾಸನಾಳಕ್ಕೆ ಹಾಕುವುದು), ಪ್ಯಾಂಕ್ರಿಯಾಸ್ ಕಡೆಯಿಂದ. ಟ್ಯೂಬನ್ನು ಗಿಡ್ಡ ಮಾಡುವಾಗ ಪೈಲಟ್ ಬಲೂನಿನ ನಳಿಗೆ (ಕಫ್‌ಗೆ ಗಾಳಿ ತುಂಬುವುದು) ಬೇರ್ಪಡುವ ಜಾಗಕ್ಕಿಂತ ಮೇಲಕ್ಕೆ ಕತ್ತರಿಸಿ. ಕಫ್‌ಗೆ ಎರಡು ಮೂರು ಎಂಎಲ್ ಗಾಳಿ, ಸುತ್ತ ದಪ್ಪ ಟೇಪಿನ ಗಂಟು. ಹೆಪಾಟಿಕ್ ಆರ್ಟರಿಗೆ (ಲಿವರ್‌ನ ಅಪಧಮನಿ) 8 ಫ್ರೆಂಚ್ ಇನ್‌ಫೆಂಟ್ ಫೀಡಿಂಗ್ ಟ್ಯೂಬ್, ಕಟ್ಟಲು 1-0 ಸಿಲ್ಕ್ ದಾರ. ಅದರ ಗ್ಯಾಸ್ಟ್ರೋಡುವೋಡಿನಲ್ ಕವಲನ್ನು ಕಟ್ಟುವುದು ಮರೆಯಬಾರದು. ಕ್ಲ್ಯಾಂಪ್ ಬೀಳುವ ಜಾಗದಲ್ಲಿ ನಾಲ್ಕೈದು ಸೆಂಟಿಮೀಟರ್ ಒಳಗೆ ಟ್ಯೂಬ್ ಇಲ್ಲದ ಬರೀ ರಕ್ತನಾಳ ಇರಬೇಕು.

ಇನ್ನು ಒತ್ತಡ. ರೋಲರ್ ಪಂಪ್ ಬೆಲೆ ಕೇಳಿ ಕೈಬಿಟ್ಟೆವು. ಬಕೆಟ್‌ನ ಎತ್ತರವೇ ಒತ್ತಡ: 1 ಎಂಎಂ ಪಾದರಸಕ್ಕೆ 1.36 ಸೆಂಟಿಮೀಟರ್ ನೀರು. ಆರ್ಟರಿ ಬಕೆಟ್ ಲಿವರ್‌ನಿಂದ 120 ಸೆಂಟಿಮೀಟರ್ ಮೇಲೆ, ಅಂದರೆ ಹತ್ತಿರ ಹತ್ತಿರ 88 ಎಂಎಂ. ಪೋರ್ಟಲ್ 18 ಸೆಂಟಿಮೀಟರ್. ಕೇವಾ 8. ಮೂರಕ್ಕೂ ಪಕ್ಕದಲ್ಲಿ ತೂತು ಕೊರೆದು ಓವರ್‌ಫ್ಲೋ ಪೈಪ್. ಕೂಲರ್ ಪಂಪ್ ಕೆಳಗಿನ ಟಬ್ಬಿನಿಂದ ನೀರು ಎತ್ತುತ್ತಲೇ ಇರುತ್ತದೆ, ಮಟ್ಟ ಬದಲಾಗದು. ಮಳೆಗಾಲದಲ್ಲಿ ಕರೆಂಟ್ ಹೋದರೂ 20 ಲೀಟರಿನ ಆರ್ಟರಿ ಬಕೆಟ್ ಸುಮಾರು ಒಂದು ಗಂಟೆ ನಡೆಸುತ್ತದೆ; ಪೋರ್ಟಲ್ ಒತ್ತಡ ಮಾತ್ರ ಬೇಗ ಇಳಿಯುತ್ತದೆ.

ಪೋರ್ಟಲ್‌ಗೆ ಐವಿ ಸೆಟ್ ಹಾಕಿದಾಗ ಬಕೆಟ್ ಎತ್ತರ ಸರಿಯಾಗಿಯೇ ಇತ್ತು, ಲಿವರ್ ಮಾತ್ರ ಚಪ್ಪಟೆ. ಇದ್ದ ಅಷ್ಟಿಷ್ಟು ಒತ್ತಡವನ್ನು ಸಣ್ಣ ನಳಿಗೆಯೇ ತಿಂದುಬಿಡುತ್ತದೆ. ಅರ್ಧ ಇಂಚಿನ ಪೈಪ್ ಹಾಕಿದ ಕೂಡಲೇ ಅಂಚುಗಳು ಉಬ್ಬಿ, ನಿಮಿಷಕ್ಕೆ ಮುಕ್ಕಾಲು ಲೀಟರಿನ ಆಸುಪಾಸು ಹರಿಯಿತು. ಲಿವರ್ ಪಕ್ಕದಲ್ಲೇ ಒಂದು ಟೀ ಜಾಯಿಂಟ್, ಅದಕ್ಕೆ ನೆಟ್ಟಗೆ ನಿಲ್ಲಿಸಿದ ಪಾರದರ್ಶಕ ನಳಿಗೆ. ನಂಬಬೇಕಾದ ಅಂಕಿ ಅದರಲ್ಲಿ ಕಾಣುವುದು, ಬಕೆಟ್ ಎತ್ತರವಲ್ಲ. ಪೈಪಿನಲ್ಲಿ ಗಾಳಿ ಉಳಿದರೆ ಇಷ್ಟು ಕಡಿಮೆ ಒತ್ತಡಕ್ಕೆ ಅದು ಜಗ್ಗುವುದಿಲ್ಲ, ಮೊದಲೇ ತುಂಬಿಸಿಕೊಳ್ಳಿ.

ಮೂರನೇ ಬಕೆಟ್ ನಮ್ಮ ಹೆಮ್ಮೆ. ಕೇವಾದ ಮೇಲ್ತುದಿ ಕಟ್ಟಿ, ಕೆಳತುದಿಯನ್ನು ಈ ಬಕೆಟ್‌ಗೆ ಜೋಡಿಸುತ್ತೇವೆ. ಲಿವರ್‌ನಿಂದ ಬಂದ ನೀರು ಅಲ್ಲಿಗೇರಿ ತುಂಬಿ ಹೊರಚೆಲ್ಲುತ್ತದೆ; ಹೆಪಾಟಿಕ್ ವೇನ್ (ಲಿವರ್‌ನಿಂದ ಕೇವಾಕ್ಕೆ ಹೋಗುವ ನಾಳ) ಹರಿದಿದ್ದರೆ ಅಲ್ಲಿಂದಲೇ ಹಿಂದಕ್ಕೆ ಸುರಿಯುತ್ತದೆ. ಪ್ರಿಂಗಲ್ ಹಾಕಿದ ಮೇಲೂ ಉಕ್ಕುತ್ತಲೇ ಇದ್ದರೆ ಅದು ಹೆಪಾಟಿಕ್ ವೇನ್ ಅಥವಾ ಕೇವಾ ಕಡೆಯಿಂದ ಬರುತ್ತಿದೆ ಅನ್ನುವುದು ಪಿಜಿಗೆ ಇಲ್ಲಿ ಕಣ್ಣಾರೆ ಕಾಣುತ್ತದೆ. ಹಂದಿಯಲ್ಲಿ ಕೇವಾ ಲಿವರ್ ಮಾಂಸದೊಳಗೇ ಹುದುಗಿರುತ್ತದೆ, ಮನುಷ್ಯರಲ್ಲಿ ಹಾಗಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು.

ರಕ್ತಕ್ಕೆ ಉಪ್ಪುನೀರು, ಗ್ಲಿಸರಿನ್, ಕೆಂಪು ಬಣ್ಣ. ಗಂಜಿ ತಿಳಿ ದಪ್ಪಕ್ಕೆ ಚೆನ್ನಾಗಿತ್ತು, ಆದರೆ ಕಣಗಳು ಸೈನುಸಾಯ್ಡ್‌ಗಳಲ್ಲಿ (ಲಿವರ್ ಒಳಗಿನ ಅತಿ ಸಣ್ಣ ರಕ್ತದ ದಾರಿಗಳು) ಸಿಕ್ಕಿ ಹತ್ತೇ ನಿಮಿಷದಲ್ಲಿ ಹರಿವು ಕುಸಿಯಿತು. ಮುರುಗಲು ರಸದ ಬಣ್ಣ ಸೊಗಸು, ಆದರೆ ಹುಳಿಗೆ ಲಿವರ್ ಮೇಲ್ಮೈ ಬೆಂದ ಹಾಗಾಗುತ್ತದೆ; ಸೋಡಾ ಹಾಕಿ ಹುಳಿ ತೆಗೆದರೆ ಬಣ್ಣವೇ ಹೋಗುತ್ತದೆ. ನಮ್ಮ ಈಗಿನ ಬಣ್ಣದ ಹದ ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

ಗಾಯಕ್ಕೆ ಬ್ಲೇಡ್ ಬೇಡ, ಅಂಚು ತೀರಾ ನಯವಾಗುತ್ತದೆ. ಲಿವರನ್ನು 35 ಡಿಗ್ರಿಗೆ ಬಿಸಿ ಮಾಡಿ, ಮೂರೂ ಬಕೆಟ್ ತೆರೆದು, ಮೇಲೆ ತೆಳು ಸ್ಪಂಜು ಇಟ್ಟು 5 ಕೆಜಿ ತೂಕದ ಕಲ್ಲನ್ನು ಮುಕ್ಕಾಲು ಮೀಟರಿನಿಂದ ಬಿಡುತ್ತೇವೆ. ಖಾಲಿ ಲಿವರ್ ಜಜ್ಜಿಹೋಗುತ್ತದೆ. ತುಂಬಿದ್ದು ನಕ್ಷತ್ರದಂತೆ ಸೀಳುತ್ತದೆ, ಮೂರು ಸೆಂಟಿಮೀಟರಿಗಿಂತ ಆಳ. ನಿಮಿಷಕ್ಕೆ 300 ಎಂಎಲ್ ಸುಮಾರು ಸೋರುತ್ತದೆ. ಕೆಳಗೆ ಅಳತೆ ಜಗ್ ಇಟ್ಟು ಪ್ರತಿ ನಿಮಿಷ ಬರೆಸುತ್ತೇವೆ. ಒಳ್ಳೆಯ ಪ್ಯಾಕಿಂಗ್ ಆದರೆ 30ಕ್ಕೆ ಇಳಿಯಬೇಕು.

ಟ್ರೇ ಮೇಲೆ ಬಿಚ್ಚಿಟ್ಟ ಲಿವರ್‌ಗೆ ಮಾಪ್ ಎಷ್ಟು ತುರುಕಿದರೂ ಪ್ಯಾಕಿಂಗ್ ಆಗದು, ಎದುರಿಗೆ ಒತ್ತುವ ಗೋಡೆಯೇ ಇರುವುದಿಲ್ಲ. ಮೇದಾರರು ಹೆಣೆದ ಬಿದಿರು ಬುಟ್ಟಿಯನ್ನು ಅರ್ಧ ಸೀಳಿ ಪಕ್ಕೆಲುಬಿನ ಗೂಡು ಮಾಡಿದೆವು, ಒಳಗೆ ಲಾರಿ ಟ್ಯೂಬಿನ ರಬ್ಬರ್ ವಪೆ. ಪ್ಲಾಸ್ಟಿಕ್ ಕ್ರೇಟ್ ಬಾಗುವುದಿಲ್ಲ; ಬಿದಿರು ಪಕ್ಕೆಲುಬಿನಷ್ಟೇ ಬಾಗಿ ವಾಪಸ್ ಒತ್ತುತ್ತದೆ. ಎಲ್ಲ ಸೇರಿ ಐದು ಸಾವಿರದೊಳಗೆ ಮುಗಿಯಿತು. ಪ್ರತಿ ಸಲದ ಖರ್ಚು ಸಾವಿರದ ಒಳಗೆ, ಅದರಲ್ಲಿ ಹೆಚ್ಚಿನ ಪಾಲು ಲಿವರ್ ಮತ್ತು ಗ್ಲಿಸರಿನ್.

ಹಂದಿ ಲಿವರ್‌ನಲ್ಲಿ ನಾರಿನ ಪದರ ಹೆಚ್ಚು, ಹೊಲಿಗೆ ಮನುಷ್ಯರದ್ದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಬ್ಲಂಟ್ (ಮೊಂಡು) ಸೂಜಿಯ 1-0 ಕ್ರೋಮಿಕ್ ದಾರ, ಅಂಚಿನಿಂದ ಎರಡು ಸೆಂಟಿಮೀಟರ್ ದೂರ; ಇಲ್ಲಿ ಬಿಗಿದಷ್ಟು ಮನುಷ್ಯರ ಲಿವರ್‌ನಲ್ಲಿ ಬಿಗಿಯಬಾರದು. ಜಂತುಹುಳದ ಬಿಳಿ ಕಲೆ ತುಂಬಿದ ಲಿವರ್ ಕೊಳ್ಳಬೇಡಿ, ಅದು ಇನ್ನೂ ಗಟ್ಟಿ. ಆಡಿನ ಲಿವರ್ ತೀರಾ ಸಣ್ಣದು, ಹೊಲಿಗೆಗಷ್ಟೇ ಸರಿ. ಆರಪಾರ ತೂತಿಗೆ ಗ್ಲೌಸ್ ಬೆರಳನ್ನು ಕ್ಯಾತಿಟರ್‌ಗೆ ಕಟ್ಟಿ ಒಳಗಿನಿಂದ ಒತ್ತುವ ಬಲೂನ್ ಮಾಡಿಸಿದ್ದು ಈ ಮಾದರಿಯಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡಿತು. ಹೆಪ್ಪುಗಟ್ಟಿಸುವ ಅಂಟು, ಪುಡಿಗಳ ಪರೀಕ್ಷೆಗೆ ಇದು ಬೇಡ, ಇಲ್ಲಿ ಹೆಪ್ಪುಗಟ್ಟಲು ರಕ್ತವೇ ಇಲ್ಲ.

ಹಂದಿ ಲಿವರ್‌ನಲ್ಲಿ ಹೆಪಟೈಟಿಸ್ ಇ ವೈರಸ್ ಇರಬಹುದು. ಎರಡು ಜೊತೆ ಗ್ಲೌಸ್, ಕನ್ನಡಕ, ಏಪ್ರನ್ ಕಡ್ಡಾಯ. ಉಪಕರಣಗಳ ಸೆಟ್ಟೇ ಬೇರೆ, ಅದು ಥಿಯೇಟರ್‌ಗೆ ವಾಪಸ್ ಹೋಗುವಂತಿಲ್ಲ. ಮುಗಿದ ಮೇಲೆ ಲಿವರ್ ಹಳದಿ ಚೀಲಕ್ಕೆ, ಟಬ್ಬಿನ ನೀರು ಹೈಪೋಕ್ಲೋರೈಟ್ ಹಾಕಿ ಅರ್ಧ ಗಂಟೆ ಬಿಟ್ಟ ಮೇಲೆ ಡ್ರೈನ್‌ಗೆ.