ರಜೆ ಮೊದಲು, ಡ್ಯೂಟಿ ಆಮೇಲೆ: ಸಡ್ಬರಿ ಕೆಲಸಕ್ಕೆ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋದ ನನ್ನ ಅನುಭವ

ಒಂಬತ್ತು ದಿನ, ಐದು ಜನ, ಆಫೀಸಿಗೆ ಹಾಕಿದ್ದು ಒಂದೇ ಒಂದು ರಜೆ, ಜೇಬಿನಿಂದ ಹೋಗಿದ್ದು ಐನೂರು ಡಾಲರ್ ಚಿಲ್ಲರೆ. 2025ರ ಜುಲೈನಲ್ಲಿ ಕೆನಡಾದ ಸಡ್ಬರಿಗೆ ಹೋಗಿ ಬಂದ ಲೆಕ್ಕ ಇದು. ಕನ್ನಡ ಸಂಘದ ಪಿಕ್ನಿಕ್‌ನಲ್ಲಿ ಹೇಳಿದಾಗ ಮೊಸರನ್ನದ ತಟ್ಟೆ ಹಿಡಿದು ನಿಂತಿದ್ದ ನಾಲ್ಕು ಜನ ನಕ್ಕರು. ಅದರಲ್ಲಿ ಒಬ್ಬ ನನ್ನ ಹಳೇ ಸ್ನೇಹಿತ. "ಗುರು, ಡ್ಯೂಟಿಗೂ ಟೂರಿಗೂ ಒಂದೇ ಸೂಟ್‌ಕೇಸ್ ಆಗಲ್ಲ, ಎರಡೂ ಕೆಡುತ್ತೆ" ಅಂತ ಎರಡು ವರ್ಷದಿಂದ ಹೇಳುತ್ತಾ ಬಂದವನು. ಆ ಎರಡು ವರ್ಷ ಅವನು ಹೇಳಿದಂತೆಯೇ ಆಗಿತ್ತು, ಅದನ್ನೇನೂ ಮುಚ್ಚಿಡಲ್ಲ.

ನನ್ನದು ಕಂಟ್ರೋಲ್ ಪ್ಯಾನೆಲ್ ಕಮಿಷನಿಂಗ್ ಕೆಲಸ, ಅಂದರೆ ಕಾರ್ಖಾನೆಗೆ ಹೋಗಿ ಹೊಸ ಪ್ಯಾನೆಲ್ ಪರೀಕ್ಷಿಸಿ ಚಾಲೂ ಮಾಡಿಕೊಡೋದು. ಟೊರೊಂಟೊ ಪಕ್ಕದ ಮಿಸಿಸಾಗಾದಲ್ಲಿ ಮನೆ, ವರ್ಷಕ್ಕೆ ಹತ್ತು ಹನ್ನೆರಡು ಸಲ ಸೈಟ್. ನಮ್ಮ ಗಿರಾಕಿಗಳು ಶಟ್‌ಡೌನ್ (ರಿಪೇರಿಗೆ ಅಂತ ಪ್ಲಾಂಟ್ ನಿಲ್ಲಿಸೋದು) ಇಟ್ಟುಕೊಳ್ಳೋದೇ ಜುಲೈ, ಆಗಸ್ಟ್‌ನಲ್ಲಿ. ಮಕ್ಕಳಿಗೆ ರಜೆ ಇರೋದೂ ಜೂನ್ ಕೊನೆಯಿಂದ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ತನಕ. ಚಳಿ ಬಿಟ್ಟು ಹೊರಗೆ ಕಾಲಿಡಬಹುದಾದ ಎರಡು ತಿಂಗಳೂ ನಾನು ಯಾವುದೋ ಊರಿನ ಹೋಟೆಲ್‌ನಲ್ಲಿ, ಹೆಂಡತಿ ಮಕ್ಕಳು ಮನೆಯಲ್ಲಿ. ಅದಕ್ಕೇ ಈ ಸಾಹಸ.

ಮೊದಲ ಸಲ 2023. ಪಶ್ಚಿಮ ಕೆನಡಾದ ಕ್ಯಾಲ್ಗರಿಯಲ್ಲಿ ನಾಲ್ಕು ದಿನ ಕೆಲಸ. ಗುರುವಾರ ರಾತ್ರಿ ಹೆಂಡತಿ ಮಕ್ಕಳು ವಿಮಾನದಲ್ಲಿ ಬರೋದು, ಶುಕ್ರವಾರ ಸಂಜೆಯಿಂದ ಹತ್ತಿರದ ಬೆಟ್ಟಗಳ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನ. ಕಾಗದದ ಮೇಲೆ ಚಿನ್ನದಂಥ ಪ್ಲಾನ್. ನಾನು ನೋಡದೇ ಇದ್ದದ್ದು, ಅದು ಸ್ಟ್ಯಾಂಪೀಡ್ ಅನ್ನೋ ಕೌಬಾಯ್ ಜಾತ್ರೆಯ ವಾರ. ಊರಿಗೆ ಊರೇ ಕೌಬಾಯ್ ಟೋಪಿ ಹಾಕಿಕೊಂಡು ಕೂತಿತ್ತು, ಹೋಟೆಲ್ ಬೆಲೆ ಎರಡೂವರೆ ಪಟ್ಟು. ಆಫೀಸಿನ ಮಿತಿಯೊಳಗೆ ಸಿಕ್ಕಿದ್ದು ಏರ್‌ಪೋರ್ಟ್ ಪಕ್ಕದ ರೂಮು. ಶುಕ್ರವಾರ ಮೋಟಾರ್ ಓಡಿಸೋ ಡ್ರೈವ್‌ನಲ್ಲಿ ಒಂದು ಫಾಲ್ಟ್ ಬಂತು. ಶನಿವಾರ ರಾತ್ರಿ ಹತ್ತರವರೆಗೆ ಪ್ಲಾಂಟ್ ಬಿಟ್ಟು ಅಲ್ಲಾಡೋಕೆ ಆಗಲಿಲ್ಲ. ಮಕ್ಕಳು ಎರಡು ದಿನ ಕಿಟಕಿಯಲ್ಲಿ ಕೂತು ವಿಮಾನ ಎಣಿಸಿದರು. ಚಿಕ್ಕವಳು ಚೀಟಿಯಲ್ಲಿ ಬರೆದಿಟ್ಟಿದ್ದಳು: 143.

ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ ಎಲ್ಲರನ್ನೂ ಬ್ಯಾನ್ಫ್‌ನ ಮೊರೇನ್ ಲೇಕ್‌ಗೆ ಹೊರಡಿಸಿದೆ. ಎರಡು ಗಂಟೆ ಡ್ರೈವ್. ತಿರುವಿನಲ್ಲಿ ರಸ್ತೆಗೆ ಅಡ್ಡ ಹಾಕಿ ಒಬ್ಬಳು ಹುಡುಗಿ ನಿಂತಿದ್ದಾಳೆ, "ಬಸ್ ಬುಕ್ ಮಾಡಿದ್ದೀರಾ?" ಅಂತ ಕೇಳಿದಳು. ಆ ವರ್ಷದಿಂದಲೇ ಸ್ವಂತ ಕಾರು ಬಿಡೋದು ನಿಂತಿತ್ತು. ನಾನು ಓದಿಕೊಂಡಿದ್ದು ಯಾರದೋ 2021ರ ಅನುಭವ. ಲೇಕ್ ಲೂಯಿಸ್ ಪಾರ್ಕಿಂಗ್ ಕೂಡ ಅಷ್ಟು ಹೊತ್ತಿಗೇ ತುಂಬಿತ್ತು. ಹಳ್ಳಿಯ ಪೆಟ್ರೋಲ್ ಬಂಕ್ ಹತ್ತಿರ ಕಾರು ನಿಲ್ಲಿಸಿ, ಡಬ್ಬಿಯಲ್ಲಿದ್ದ ಪುಳಿಯೋಗರೆ ತಿಂದು ವಾಪಸ್. ಹೆಂಡತಿ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಖರ್ಚು ನಾಲ್ಕು ಸಾವಿರದ ಮೇಲೆ. (ಈಗ ಹೋಗೋರಿಗೆ: ಶಟಲ್ ಸೀಟು ಒಂದಷ್ಟು ವಸಂತದಲ್ಲೇ ಮಾರಾಟವಾದರೂ ಹೆಚ್ಚಿನ ಪಾಲು ಬಿಡೋದು ಎರಡು ದಿನ ಮುಂಚೆ, ಅಲ್ಲಿನ ಸಮಯ ಬೆಳಗ್ಗೆ ಎಂಟಕ್ಕೆ. ಏಪ್ರಿಲ್‌ನಲ್ಲಿ ಸಿಗಲಿಲ್ಲ ಅಂತ ಅಳಬೇಡಿ.)

ಎರಡನೇ ಸಲ 2024, ಮತ್ತೆ ಕ್ಯಾಲ್ಗರಿ. ಈ ಸಲ ಸ್ಟ್ಯಾಂಪೀಡ್ ಮುಗಿದ ಮೇಲೆ. ಜುಲೈ 26ರಿಂದ ಬೆಟ್ಟದ ಊರು ಜಾಸ್ಪರ್‌ನಲ್ಲಿ ಎರಡು ರಾತ್ರಿ ಅಂತ ಪ್ಲಾನ್. 22ರ ರಾತ್ರಿ ಕಾಡ್ಗಿಚ್ಚು ಬರುತ್ತಿದೆ ಅಂತ ಇಡೀ ಊರು ಖಾಲಿ ಮಾಡಿಸಿದರು. 24ಕ್ಕೆ ಬೆಂಕಿ ಊರೊಳಗೆ ನುಗ್ಗಿ ಮೂರನೇ ಒಂದು ಭಾಗದಷ್ಟು ಕಟ್ಟಡ ಸುಟ್ಟುಹೋಯಿತು. ಊರು ಕಳಕೊಂಡವರ ಮುಂದೆ ನನ್ನ ರೂಮ್ ದುಡ್ಡು ಯಾವ ಲೆಕ್ಕ. ಆದರೂ ಆರುನೂರು ಡಾಲರ್, ರೀಫಂಡ್ ಇಲ್ಲದ ಅಗ್ಗದ ರೇಟು ಅಂತ ಮಧ್ಯವರ್ತಿ ಸೈಟಿನಲ್ಲಿ ಹಿಡಿದಿದ್ದೆ. ಎರಡು ತಿಂಗಳು ಇಮೇಲ್ ಬರೆದು ಅರ್ಧ ಬಂತು, ಅದೂ ಕ್ರೆಡಿಟ್ ರೂಪದಲ್ಲಿ.

ಆ ಸಲ ಬೇರೆ ದಾರಿ ಇಲ್ಲದೆ ಪೂರ್ವಕ್ಕೆ ತಿರುಗಿ ಡ್ರಮ್‌ಹೆಲ್ಲರ್‌ಗೆ ಹೋದೆವು. ಕ್ಯಾಲ್ಗರಿಯಿಂದ ಒಂದೂವರೆ ಗಂಟೆ. ಅಲ್ಲಿನ ರಾಯಲ್ ಟೈರೆಲ್ ಡೈನೋಸಾರ್ ಮ್ಯೂಸಿಯಮ್‌ನಲ್ಲಿ ಮಕ್ಕಳು ಆರು ಗಂಟೆ ಕಳೆದರು. ಇಪ್ಪತ್ತಾರು ಮೀಟರ್ ಎತ್ತರದ ಉಕ್ಕು ಮತ್ತು ಫೈಬರ್‌ಗ್ಲಾಸ್ ಡೈನೋಸಾರ್ ಬಾಯಿಯೊಳಗೆ ನಿಂತು ಫೋಟೋ. ದೊಡ್ಡವನು ಇವತ್ತಿಗೂ "ಅಪ್ಪಾ, ಅದೇ ಬೆಸ್ಟ್" ಅಂತಾನೆ. ಹೆಸರುವಾಸಿ ಜಾಗದ ಹುಚ್ಚು ನನ್ನದು, ಅವರದಲ್ಲ ಅಂತ ಗೊತ್ತಾಗಿದ್ದು ಅಲ್ಲೇ.

ಆ ಚಳಿಗಾಲ ಕೂತು ಎರಡು ಟ್ರಿಪ್ಪನ್ನೂ ಫಾಲ್ಟ್ ಹುಡುಕೋ ಥರ ಬಿಚ್ಚಿ ನೋಡಿದೆ. ಒಂದು ಹೊಳೆಯಿತು. ಹನ್ನೆರಡು ವರ್ಷದಲ್ಲಿ ನನ್ನ ಸೈಟ್ ಕೆಲಸ ಹೇಳಿದ ದಿನಕ್ಕಿಂತ ಮೊದಲು ಶುರುವಾಗಿದ್ದು ಒಂದು ಸಲವೂ ಇಲ್ಲ. ಹೇಳಿದ ದಿನಕ್ಕೆ ಮುಗಿದಿದ್ದೂ ಇಲ್ಲ. ಹಾಗಿದ್ದ ಮೇಲೆ ರಜೆಯನ್ನು ಕೆಲಸದ ಬಾಲಕ್ಕೆ ಕಟ್ಟಿದವನು ಪೆದ್ದ. ರಜೆ ಮೊದಲು ಮುಗಿಸಬೇಕು, ಆಮೇಲೆ ಡ್ಯೂಟಿ. ಡ್ಯೂಟಿ ಆದಮೇಲೆ ಏನಾದರೂ ಇಟ್ಟುಕೊಂಡರೆ ನಡುವೆ ಒಂದು ದಿನ ಖಾಲಿ ಬಿಡಬೇಕು, ಕ್ಯಾನ್ಸಲ್ ಆಗೋ ರೂಮನ್ನೇ ಹಿಡಿಯಬೇಕು. ಮತ್ತೆ ವಿಮಾನ ಬೇಡ, ಕಾರಿಗೆ ಎಟುಕುವ ಊರಿಗೇ ಹೋಗಬೇಕು. "ಇಷ್ಟು ಕಂಡುಹಿಡಿಯೋಕೆ ಒಂಬತ್ತು ಸಾವಿರ ಡಾಲರ್ ಬೇಕಿತ್ತೇನ್ರೀ?" ಅಂದಳು ಹೆಂಡತಿ.

ಜನವರಿಯಲ್ಲಿ ಸಡ್ಬರಿ ಕೆಲಸದ ತಾರೀಕು ಬಂತು, ಜುಲೈ 15ರಿಂದ 17. ಡೇರೆ ಹಾಕೋ ಜಾಗಗಳ ಬುಕಿಂಗ್ ಒಂಟಾರಿಯೊ ಪಾರ್ಕ್ಸ್ ವೆಬ್‌ಸೈಟಿನಲ್ಲಿ ಐದು ತಿಂಗಳು ಮೊದಲು ಬೆಳಗ್ಗೆ ಏಳಕ್ಕೆ ತೆರೆಯುತ್ತೆ. ಫೆಬ್ರವರಿ 12, ಹೊರಗೆ ಚಳಿಗಾಲ, ನಾನು ಆರೂ ಐವತ್ತಕ್ಕೆ ಎರಡು ಲ್ಯಾಪ್‌ಟಾಪ್ ಒಂದು ಫೋನ್ ಇಟ್ಟುಕೊಂಡು ಕೂತಿದ್ದೆ. ಎಲ್ಲರೂ ಬೀಳೋ ಕಿಲ್‌ಬೇರ್ ಪಾರ್ಕ್ ಬಿಟ್ಟು ಗ್ರಂಡಿ ಲೇಕ್ ಪಾರ್ಕ್ ಹಿಡಿದೆ. ಸಡ್ಬರಿ ದಾರಿಯಲ್ಲೇ, ಊರಿಗೆ ಒಂದು ಗಂಟೆ ಮುಂಚೆ. ಕರೆಂಟ್ ಪ್ಲಗ್ ಇರೋ ಎಲೆಕ್ಟ್ರಿಕಲ್ ಸೈಟೇ ಬೇಕು ಅಂತ ಹಟ ಹಿಡಿದು ತಗೊಂಡೆ, ಎರಡು ರಾತ್ರಿಗೆ ನೂರಿಪ್ಪತ್ತರ ಆಸುಪಾಸು. ಸೈಟ್ ನಂಬರ್ ಕೇಳಬೇಡಿ. ಸಂಜೆ ಆರರ ತನಕ ನೆರಳು, ಕೆರೆಗೆ ಎಂಬತ್ತು ಹೆಜ್ಜೆ, ಟಾಯ್ಲೆಟ್ ಹತ್ತಿರ ಆದರೆ ವಾಸನೆ ಇಲ್ಲ. ಅಷ್ಟೇ ಹೇಳ್ತೀನಿ.

ಮೇನೇಜರ್ ಒಪ್ಪಿಗೆ ಬರವಣಿಗೆಯಲ್ಲೇ ತಗೊಳ್ಳಿ. ವಿಮಾನ ಮತ್ತು ಬಾಡಿಗೆ ಕಾರಿನ ಬದಲು ನನ್ನ ಕಾರಲ್ಲೇ ಹೋಗ್ತೀನಿ, ಕಿಲೋಮೀಟರ್ ಲೆಕ್ಕ ಕೊಡಿ ಅಂತ ಕೇಳಿದೆ. ನಮ್ಮ ಆಫೀಸ್ ಸರ್ಕಾರದ ದರವನ್ನೇ ಕೊಡುತ್ತೆ, 2025ಕ್ಕೆ ಮೊದಲ ಐದು ಸಾವಿರ ಕಿಲೋಮೀಟರಿಗೆ 72 ಸೆಂಟ್. ಹೋಗಿ ಬರೋ ನೇರ ದಾರಿ ಎಂಟುನೂರು, ಅಂದರೆ ಸುಮಾರು ಐನೂರ ಎಪ್ಪತ್ತು ಡಾಲರ್. ಸುತ್ತಾಡಿದ ದೂರ ನನ್ನದು, ಅದನ್ನು ಸೇರಿಸಲಿಲ್ಲ. ಆ ಇಮೇಲ್‌ನ ಮೊದಲ ಎರಡು ಸಾಲು ಹೇಗೆ ಬರೆದೆ ಅನ್ನೋದು ನನ್ನ ಗುಟ್ಟು.

ಆ ಬೇಸಿಗೆಗೆ ಅತ್ತೆಯವರು ಸೂಪರ್ ವೀಸಾದಲ್ಲಿ (ಅಪ್ಪ ಅಮ್ಮಂದಿರು ಬಂದು ತುಂಬಾ ದಿನ ಇರಬಹುದಾದ ವೀಸಾ) ಬಂದಿದ್ದರು. ಡೇರೆ ನೋಡಿ, "ಅಷ್ಟು ದೂರದಿಂದ ಕೆನಡಾಕ್ಕೆ ಬಂದು ಬಯಲಲ್ಲಿ ಮಲಗೋದಾ? ನೀವೇನು ಸಂಬಳ ತಗೊಳ್ಳಲ್ವಾ?" ಅಂದರು. ಎಲೆಕ್ಟ್ರಿಕಲ್ ಸೈಟ್ ಹಟ ಅವರಿಗಾಗಿಯೇ. ರೈಸ್ ಕುಕ್ಕರ್, ಒಂದು ಸಣ್ಣ ಫ್ಯಾನು, ಬೆಳಗ್ಗೆ ಬಿಸಿನೀರಿನ ಕೆಟಲ್. ಮಾರನೇ ದಿನ ಕೆರೆ ಕಡೆ ಮುಖ ಮಾಡಿ ಕಾಫಿ ಕುಡಿಯುತ್ತಾ ಅಕ್ಕನಿಗೆ ವಿಡಿಯೋ ಕಾಲ್ ಮಾಡೋಕೆ ಸಿಗ್ನಲ್ ಹುಡುಕುತ್ತಿದ್ದರು.

ಹಿಟ್ಟಿನ ವಿಷಯ ಇಲ್ಲೇ ಹೇಳಿಬಿಡ್ತೀನಿ. ಹಿಂದಿನ ವರ್ಷ ಒಂದು ವಾರಾಂತ್ಯ ಪೈನರಿ ಪಾರ್ಕ್‌ಗೆ ದೋಸೆ ಹಿಟ್ಟು ಕೂಲರ್‌ನಲ್ಲಿಟ್ಟು ಒಯ್ದಿದ್ದೆವು. ದಾರಿಯಲ್ಲೇ ಉಕ್ಕಿ ಐಸು, ಮೊಸರು, ಮಕ್ಕಳ ಜ್ಯೂಸ್ ಎಲ್ಲಕ್ಕೂ ಅಭಿಷೇಕ. ಈ ಸಲ ಹುದುಗು ಬಂದ ಹಿಟ್ಟನ್ನು ಚಪ್ಪಟೆ ಜಿಪ್ ಚೀಲಗಳಲ್ಲಿ ಹಾಕಿ ಫ್ರೀಜರ್‌ನಲ್ಲಿ ಕಲ್ಲು ಮಾಡಿ ಒಯ್ದೆ. ಐಸಿನ ಬದಲು ಅದೇ. ಕರಗಿದ್ದು ಕರಗಿದ ಹಾಗೆ ದೋಸೆ. ಮೊದಲ ದಿನ ಗರಿ, ಎರಡನೇ ದಿನ ಸ್ವಲ್ಪ ಹುಳಿ, ಮೂರನೇ ದಿನ ಈರುಳ್ಳಿ ಹಾಕಿ ಊತಪ್ಪ. ಎರಡು ಉರಿಯ ಪ್ರೊಪೇನ್ ಒಲೆ ಮೇಲೆ ಕಬ್ಬಿಣದ ಕಾವಲಿ ಇಟ್ಟರೆ ಗಾಳಿಗೆ ಒಂದು ಬದಿ ಬೇಯಲ್ಲ. ಗಾಳಿ ಬರೋ ಕಡೆ ಕೂಲರ್ ನಿಲ್ಲಿಸಿ. ಸೋತಿದ್ದು ಕೋಡುಬಳೆ ವಿಷಯದಲ್ಲಿ. ಡಬ್ಬಿ ಮುಚ್ಚಿದೆ ಅಂತ ಮೇಜಿನ ಮೇಲೆ ಬಿಟ್ಟಿದ್ದೆವು. ರಾತ್ರಿ ರಕೂನ್ ಬಂದು ಮುಚ್ಚಳ ತಿರುಗಿಸಿ ತೆಗೆದು, ತಿಂದು, ಒಂದು ಕೋಡುಬಳೆ ತುಳಿದು ಹೋಗಿತ್ತು. ಊಟದ ಸಾಮಾನು ಕಾರೊಳಗೆ ಅನ್ನೋದು ಬರೀ ಕರಡಿಗಲ್ಲ.

ಸೋಮವಾರ ಒಂದು ರಜೆ ಹಾಕಿದ್ದೆ. ಸೈಟ್ ಬಿಡೋಕೆ ಮಧ್ಯಾಹ್ನ ಎರಡರ ತನಕ ಟೈಮಿದೆ, ಪೂರ್ತಿ ಬಳಸಿಕೊಂಡೆವು. ಅವತ್ತು ಟೊರೊಂಟೊ ಮೇಲೆ ಕಾಡ್ಗಿಚ್ಚಿನ ಹೊಗೆ ಕವಿದು ಸಿಎನ್ ಟವರ್ ಮಸುಕಾಗಿದ್ದ ಫೋಟೋ ಆ ಸ್ನೇಹಿತನೇ ಕಳಿಸಿದ. ನಾನು ಕೆರೆ ಫೋಟೋ ಕಳಿಸಿದೆ. ಉತ್ತರ ಬರಲಿಲ್ಲ.

ಸಡ್ಬರಿ ಹೋಟೆಲ್‌ನಲ್ಲಿ ಅಡುಗೆಮನೆ ಇರೋ ರೂಮು, ರಾತ್ರಿಗೆ ಇಪ್ಪತ್ತು ಡಾಲರ್ ಜಾಸ್ತಿ. ಆ ಇಪ್ಪತ್ತನ್ನು ಬೇರೆ ಬಿಲ್ ಮಾಡಿಸಿ ನನ್ನ ಕಾರ್ಡಿನಿಂದ ಕೊಟ್ಟೆ. ಇಂಥ ಕಡೆ ಕಂಜೂಸ್ ಮಾಡಿದರೆ ಮುಂದಿನ ವರ್ಷದ ದಾರಿ ಮುಚ್ಚುತ್ತೆ. ಮಕ್ಕಳಿಗೆ ಈಜುಕೊಳ, ಪುಕ್ಕಟೆ ತಿಂಡಿ. ನನ್ನನ್ನು ಏಳಕ್ಕೆ ಪ್ಲಾಂಟ್ ಗೇಟಿಗೆ ಬಿಟ್ಟು ಹೆಂಡತಿ ಕಾರು ತಗೊಂಡು ಹೋಗುತ್ತಿದ್ದಳು. ರಾಮ್ಸೆ ಲೇಕ್ ದಂಡೆ, ಸೈನ್ಸ್ ನಾರ್ತ್ ವಿಜ್ಞಾನ ಮ್ಯೂಸಿಯಮ್, ಮತ್ತೆ ಒಂಬತ್ತು ಮೀಟರ್ ಎತ್ತರದ 'ಬಿಗ್ ನಿಕಲ್', ಅಂದರೆ ಐದು ಸೆಂಟ್ ನಾಣ್ಯದ ದೊಡ್ಡ ಪ್ರತಿಕೃತಿ.

ನಾಣ್ಯದ ಬುಡದಲ್ಲೇ ಡೈನಮಿಕ್ ಅರ್ತ್ ಅನ್ನೋ ಗಣಿ ಮ್ಯೂಸಿಯಮ್. ಏಳು ಅಂತಸ್ತಿನಷ್ಟು ಕೆಳಗೆ ಗಣಿಯೊಳಗೆ ಇಳಿಸಿ ತೋರಿಸುತ್ತಾರೆ. ಅತ್ತೆಯವರು ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವರು. ಮೊಣಕಾಲು ನೋವು, ನೀವು ಮೇಲೇ ಕೂತಿರಿ ಅಂದರೂ ಕೇಳಲಿಲ್ಲವಂತೆ, ಹೆಲ್ಮೆಟ್ ಹಾಕಿಕೊಂಡು ಮೊದಲ ಸಾಲಿನಲ್ಲಿ ನಿಂತರಂತೆ. ಒಳಗೆ ದೀಪ ಆರಿಸಿ ಕತ್ತಲೆ ತೋರಿಸಿದಾಗ ಮೊಮ್ಮಗಳ ಕೈ ಹಿಡಿದುಕೊಂಡು, "ನಮ್ಮಪ್ಪ ಇಪ್ಪತ್ತೆಂಟು ವರ್ಷ ಇಳಿದರು. ಒಂದು ದಿನ ನಮ್ಮನ್ನ ಕರಕೊಂಡು ಹೋಗಲಿಲ್ಲ" ಅಂದರಂತೆ. ಕೆಜಿಎಫ್‌ನ ಗಣಿ 2001ರಲ್ಲೇ ಮುಚ್ಚಿತು. ಸಂಜೆ ನಾನು ಬಂದಾಗ ಟಿಕೆಟ್ ಮಡಚಿ ಪರ್ಸಿನೊಳಗೆ ಇಟ್ಟುಕೊಳ್ಳುತ್ತಿದ್ದರು.

ಗುರುವಾರ ಮುಗಿಯಬೇಕಾದ ಕೆಲಸ, ಹೇಳಬೇಕಾಗಿಲ್ಲ, ಶುಕ್ರವಾರ ಮಧ್ಯಾಹ್ನಕ್ಕೆ ಮುಗಿಯಿತು. ಆ ಖಾಲಿ ದಿನ ಅದಕ್ಕೇ ಇಟ್ಟಿದ್ದು. ಯಾರ ಮುಖವೂ ಬಾಡಲಿಲ್ಲ, ಮಕ್ಕಳು ಇನ್ನೊಂದು ಸಲ ಕೊಳಕ್ಕೆ ಬಿದ್ದರು. ಮೂರಕ್ಕೆ ಹೊರಟೆವು, ಮ್ಯಾನಿಟೂಲಿನ್ ದ್ವೀಪದ ಕಡೆಗೆ.

ಕ್ಯಾಬಿನ್ ದ್ವೀಪದ ಮೇಲಲ್ಲ, ಸೇತುವೆಗೆ ಇಪ್ಪತ್ತು ಕಿಲೋಮೀಟರ್ ಈಚೆ ಹಿಡಿದಿದ್ದೆ, ನಲವತ್ತು ಐವತ್ತು ಡಾಲರ್ ಉಳಿಯಿತು. ಶನಿವಾರ ಕಾಗವಾಂಗ್‌ನ ಬ್ರೈಡಲ್ ವೇಲ್ ಜಲಪಾತದ ಹಿಂದೆ ನಡೆದು ನೆಂದು, ಪ್ರಾವಿಡೆನ್ಸ್ ಬೇ ಮರಳಲ್ಲಿ ಹೊರಳಾಡಿ ಬಂದೆವು. ಆ ಐವತ್ತು ಡಾಲರ್ ಜಾಣತನಕ್ಕೆ ಭಾನುವಾರ ದಂಡ ಕಟ್ಟಬೇಕಾಗಿತ್ತು. ವಾಪಸ್ ಮನೆಗೆ ದ್ವೀಪದ ದಕ್ಷಿಣ ತುದಿಯ ಸೌತ್ ಬೇಮೌತ್‌ನಿಂದ ಟೊಬರ್ಮೊರಿಗೆ ಮಧ್ಯಾಹ್ನದ ಚಿ-ಚೀಮಾನ್ ಫೆರಿ (ಕಾರು ಹೊರುವ ಹಡಗು), ಕಾರಿಗೂ ನಮಗೂ ಸೇರಿ ನೂರ ಮೂವತ್ತರಷ್ಟು. ಒಂದು ಗಂಟೆ ಮೊದಲೇ ಬನ್ನಿ ಅಂತಾರೆ. ಆದರೆ ದ್ವೀಪಕ್ಕೆ ದಾಟಿಸುವ ಲಿಟಲ್ ಕರೆಂಟ್ ಸೇತುವೆ ಬೇಸಿಗೆಯ ಹಗಲಲ್ಲಿ ಪ್ರತಿ ಗಂಟೆಗೆ ಸರಿಯಾಗಿ ತಿರುಗಿ ದೋಣಿಗಳಿಗೆ ದಾರಿ ಬಿಡುತ್ತೆ, ಹದಿನೈದು ನಿಮಿಷ. ನಾವು ತಲುಪಿದ್ದು ಹನ್ನೆರಡಕ್ಕೆ ಎರಡು ನಿಮಿಷ ಕಮ್ಮಿ. ಕಣ್ಣೆದುರೇ ಗೇಟು ಇಳಿಯಿತು. 1913ರ ರೈಲು ಸೇತುವೆ ಅದು, ಒಂದೇ ಲೇನು. ಆಚೆ ಕಡೆಯವರೂ ಹೋಗಬೇಕು, ನಮ್ಮ ಸರದಿ ಬರುವಷ್ಟರಲ್ಲಿ ಇಪ್ಪತ್ತೈದು ನಿಮಿಷ. ಫೆರಿ ತಪ್ಪಿದರೆ ಮತ್ತೆ ಸಡ್ಬರಿ ಸುತ್ತಿ ಆರು ಗಂಟೆ ಡ್ರೈವ್. ಅರವತ್ತು ಕಿಲೋಮೀಟರ್ ಕಾರಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಹಳದಿ ಕೋಟಿನವನು ಕೈ ಬೀಸಿ ಒಳಗೆ ಕರೆದಾಗ ನಮ್ಮ ಹಿಂದೆ ಇನ್ನು ಮೂರೇ ಕಾರು.

ಖರ್ಚು ನೆನಪಿನಿಂದ: ಸೈಟ್ 120, ರೂಮಿನ ಹೆಚ್ಚುವರಿ 80, ಕ್ಯಾಬಿನ್ 350, ಫೆರಿ 130, ಪೆಟ್ರೋಲ್ 140, ದಿನಸಿ 150, ಟಿಕೆಟ್ಟುಗಳು 110. ಅದರಲ್ಲಿ ಆಫೀಸಿನ 570 ಕಳೆಯಿರಿ.

ಆಗಸ್ಟ್‌ನಲ್ಲಿ ಇದನ್ನೇ ರೈಲಿನಲ್ಲಿ ಮಾಡಿ ನೋಡಿದೆ, ಮಾಂಟ್ರಿಯಲ್‌ಗೆ. ಆ ಬೇಸಿಗೆ ಸರ್ಕಾರದ ಕೆನಡಾ ಸ್ಟ್ರಾಂಗ್ ಪಾಸ್ ಅನ್ನೋ ಯೋಜನೆ ಇದ್ದುದರಿಂದ ದೊಡ್ಡವರ ಜೊತೆ ಬರೋ ಮಕ್ಕಳಿಗೆ ವಿಯಾ ರೈಲು ಪುಕ್ಕಟೆ. ಬೇಸಿಗೆಯಲ್ಲಿ ಖಾಲಿ ಬೀಳುವ ಯೂನಿವರ್ಸಿಟಿ ಹಾಸ್ಟೆಲ್ ರೂಮುಗಳನ್ನು ಬಾಡಿಗೆಗೆ ಕೊಡುತ್ತಾರೆ, ಅದೂ ಅಗ್ಗ. ಆದರೆ ಏಸಿ ಇಲ್ಲ, ಅತ್ತೆಯವರು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಅರ್ಧ ಗೆದ್ದ ಹಾಗೆ.

ಪಿಕ್ನಿಕ್‌ನಲ್ಲಿ ನಕ್ಕ ಸ್ನೇಹಿತ ಡಿಸೆಂಬರ್‌ನಲ್ಲಿ ಫೋನ್ ಮಾಡಿದ. ಅವನಿಗೂ ಸಡ್ಬರಿ ಕೆಲಸ ಬಂದಿದೆಯಂತೆ. ಗ್ರಂಡಿ ಲೇಕ್ ಸೈಟ್ ನಂಬರ್ ಎಷ್ಟು ಅಂತ ಕೇಳಿದ. ಸೇತುವೆ ಗಂಟೆಗೊಮ್ಮೆ ತಿರುಗುತ್ತೆ ಅಂತ ಮಾತ್ರ ಹೇಳಿದೆ. ನನಗೆ ಈ ಸಲ ಥಂಡರ್ ಬೇ ಬೀಳಬಹುದು, ಸಾವಿರದ ನಾನೂರು ಕಿಲೋಮೀಟರ್. ಹೆಂಡತಿ ಮ್ಯಾಪ್ ನೋಡಿ, "ರೀ, ಇದಕ್ಕೆ ರಜೆ ಮೊದಲು ಇಟ್ಟರೂ ಸಾಲಲ್ಲ" ಅಂದಳು. ದಾರಿಯಲ್ಲೇ ಮೂರು ದಿನ ಬೇಕು. ಲೆಕ್ಕ ಹಾಕುತ್ತಿದ್ದೀನಿ.