ಒಬ್ಬರೇ ಮುತ್ತಜ್ಜಿ, ಆರು ವಯಸ್ಸು: ಐರಿಷ್ ಬೇರು ಹುಡುಕಿದ ನನ್ನ ಅನುಭವ

ನನ್ನ ಅತ್ತೆಯ ಮುತ್ತಜ್ಜಿ ಐರ್ಲೆಂಡಿನಿಂದ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿಗೆ ಬಂದವರು. ಮನೆಯಲ್ಲಿ ಉಳಿದಿದ್ದ ಮಾಹಿತಿ ಇಷ್ಟೇ: ಬರಗಾಲದಲ್ಲಿ ಬಂದರು, ಅಂಗಿಯ ಕಾಲರ್ ಒಗೆಯುವ ಲಾಂಡ್ರಿಯಲ್ಲಿ ದುಡಿದರು. ಯಾವ ಊರಿನವರು, ಯಾವ ವರ್ಷ ಹುಟ್ಟಿದರು ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಅದು ನನ್ನ ಮಕ್ಕಳ ಬೇರೂ ಹೌದು ಅಲ್ವಾ? ಹಾಗಾಗಿ ಹುಡುಕಲು ಕೂತೆ. ಮನೆಯವರ ಹೆಸರು ಇಲ್ಲಿ ಬರೆಯುವುದಿಲ್ಲ.

ಜನಗಣತಿಯ ಹಾಳೆಗಳು ಸಿಕ್ಕವು, ಆದರೆ ಒಂದಕ್ಕೊಂದು ಹೊಂದಲಿಲ್ಲ. 1855ರ ರಾಜ್ಯ ಗಣತಿಯಲ್ಲಿ ಅವರಿಗೆ 20 ವರ್ಷ. 1860ರ ದೇಶದ ಗಣತಿಯಲ್ಲಿ 24. 1870ರಲ್ಲಿ 32, 1880ರಲ್ಲಿ 40. 1900ರಲ್ಲಿ 'ಹುಟ್ಟಿದ್ದು ಮಾರ್ಚ್ 1843, ವಯಸ್ಸು 57' ಎಂದಿದೆ. 1910ರಲ್ಲಿ ಒಮ್ಮೆಗೇ 70! ಹತ್ತು ವರ್ಷದಲ್ಲಿ ಒಮ್ಮೆ ಎಂಟು ವರ್ಷ ಬೆಳೆಯುತ್ತಾರೆ, ಇನ್ನೊಮ್ಮೆ ಇಪ್ಪತ್ತು ವರ್ಷದಲ್ಲಿ ಹದಿನೇಳು, ಮತ್ತೊಮ್ಮೆ ಹತ್ತು ವರ್ಷದಲ್ಲಿ ಹದಿಮೂರು.

ಇದರಲ್ಲಿ ಸರಿ ಯಾವುದು ಅಂತ ಆರಿಸಲು ನಾನು ಹೋಗಲಿಲ್ಲ. ಪ್ರತಿ ಹಾಳೆಗೂ ಬೇರೆ ಪ್ರಶ್ನೆ ಕೇಳಿದೆ. ಈ ಉತ್ತರ ಕೊಟ್ಟವರು ಯಾರಿರಬಹುದು? ಆ ವರ್ಷ ಗಣತಿದಾರ ಕೇಳಿದ್ದೇನು? ಆಗಿನ ಹಾಳೆಗಳಲ್ಲಿ ಯಾರು ಉತ್ತರ ಕೊಟ್ಟರು ಅನ್ನುವ ಗುರುತೇ ಇಲ್ಲ. ಆ ಗುರುತು ಹಾಕಲು ಶುರು ಮಾಡಿದ್ದು 1940ರಲ್ಲಿ. ಅಲ್ಲಿಯವರೆಗೆ ಗಂಡ ಹೇಳಿರಬಹುದು, ಮಗಳು ಹೇಳಿರಬಹುದು, ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದ ಮನೆಯವರೂ ಹೇಳಿರಬಹುದು. 1910ರಲ್ಲಿ ಅವರು ಮಗಳ ಮನೆಯಲ್ಲಿದ್ದರು. ಆ ದುಂಡನೆಯ 70 ಮಗಳ ಅಂದಾಜು ಎಂದೇ ನನ್ನ ಊಹೆ. ಹುಟ್ಟಿದ ದಿನವನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ಇಲ್ಲದ ಜನ ಅವರು. ನಮ್ಮಜ್ಜಿಯೂ ತನ್ನ ವಯಸ್ಸನ್ನು ದೊಡ್ಡ ಮಗನ ವಯಸ್ಸಿನಿಂದ ಲೆಕ್ಕ ಹಾಕಿ ಹೇಳುತ್ತಿದ್ದಳು.

ಸಾಮಾನ್ಯವಾಗಿ ಚಿಕ್ಕ ವಯಸ್ಸಿನ ದಾಖಲೆಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಇಪ್ಪತ್ತರ ಹುಡುಗಿಯ ವಯಸ್ಸಿನಲ್ಲಿ ಹತ್ತು ವರ್ಷ ತಪ್ಪುವುದು ಕಷ್ಟ, ಅರವತ್ತರಲ್ಲಿ ಸುಲಭ. ನ್ಯೂಯಾರ್ಕಿನ 1855ರ ರಾಜ್ಯ ಗಣತಿಯನ್ನು ಬಹಳ ಜನ ನೋಡುವುದೇ ಇಲ್ಲ. ಅದು ಚಿನ್ನದಂಥ ದಾಖಲೆ. ಮನೆ ಯಜಮಾನನಿಗೆ ಏನಾಗಬೇಕು, ಆ ಊರಿಗೆ ಬಂದು ಎಷ್ಟು ವರ್ಷವಾಯಿತು, ಎರಡೂ ಅದರಲ್ಲಿವೆ. ದೇಶದ ಗಣತಿಯಲ್ಲಿ ಸಂಬಂಧದ ಕಾಲಂ ಬಂದಿದ್ದೇ 1880ರಲ್ಲಿ. ನಮ್ಮ ಮುತ್ತಜ್ಜಿಯ ಮುಂದೆ 'ಮನೆಗೆಲಸದವಳು, ನಾಲ್ಕು ವರ್ಷ' ಎಂದಿತ್ತು. 1900ರ ಹಾಳೆ ಅವರು ಅಮೆರಿಕಕ್ಕೆ ಬಂದದ್ದು 1850 ಅನ್ನುತ್ತದೆ, 1910ರದ್ದು 1856 ಅನ್ನುತ್ತದೆ. 1851ರ ಹೊತ್ತಿಗೇ ಟ್ರಾಯ್‌ನಲ್ಲಿದ್ದವರು 1856ರಲ್ಲಿ ಬರಲು ಸಾಧ್ಯವಿಲ್ಲ. ಒಂದು ಜಗಳ ಅಲ್ಲಿಗೆ ಮುಗಿಯಿತು.

1890ರ ಗಣತಿ ಇಲ್ಲವೇ ಇಲ್ಲ ಅನ್ನಬೇಕು. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಬೆಂಕಿ ಬಿದ್ದು ಹೆಚ್ಚಿನದು ಹಾಳಾಯಿತು. ಆ ಇಪ್ಪತ್ತು ವರ್ಷದ ಕಂದಕವನ್ನು ಟ್ರಾಯ್‌ನ ಸಿಟಿ ಡೈರೆಕ್ಟರಿಗಳಿಂದ (ಊರಿನವರ ಹೆಸರು, ವಿಳಾಸ ಇರುವ ಪುಸ್ತಕಗಳು) ತುಂಬಿಸಿಕೊಂಡೆ. ಹೆಸರಿನ ಮುಂದೆ 'ವಿಧವೆ' ಎಂದು ಬಂದ ವರ್ಷದಿಂದ ಗಂಡ ತೀರಿಕೊಂಡ ಕಾಲವೂ ತಿಳಿಯಿತು.

ಅದೇ ಹೆಸರಿನ ಇನ್ನೊಬ್ಬರು ಅದೇ ವಾರ್ಡಿನಲ್ಲಿದ್ದರು. ಐರಿಷ್ ಹುಡುಕಾಟದಲ್ಲಿ ಇದು ಮಾಮೂಲು, ಯಾಕೆಂದರೆ ಇಡೋ ಹೆಸರುಗಳೇ ಕೆಲವು. ವಯಸ್ಸು ನಂಬುವಂತಿಲ್ಲ, ಹಾಗಾಗಿ ಸುತ್ತಲಿನವರನ್ನು ಹಿಡಿದೆ. ಹೆಸರು ಹುಡುಕಲು ಮಾಡಿಟ್ಟ ಸೂಚಿಯನ್ನು ಬಿಟ್ಟು ಮೂಲ ಹಾಳೆಗಳ ಚಿತ್ರಗಳನ್ನೇ ಬೀದಿ ಬೀದಿಯಾಗಿ ಓದಿದೆ. ಸೂಚಿ ತಯಾರಿಸಿದವರು ಹಳೆಯ ಕೈಬರಹವನ್ನು ಏನೇನೋ ಓದಿರುತ್ತಾರೆ. ಐರಿಷ್ ಮನೆತನದ ಹೆಸರಿನ ಮೊದಲಿಗೆ ಬರುವ 'ಓ' ಒಂದು ಗಣತಿಯಲ್ಲಿ ಇದ್ದು ಇನ್ನೊಂದರಲ್ಲಿ ಇರುವುದಿಲ್ಲ. ನ್ಯೂಯಾರ್ಕ್ ಬಂದರಿನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದ ಗುಮಾಸ್ತರು ಹೆಸರು ಬದಲಿಸಿದರು ಅಂತ ಅತ್ತೆಯೂ ನಂಬಿದ್ದರು. ಆ ಕಚೇರಿ ತೆರೆದದ್ದು 1892ರಲ್ಲಿ. ಮುತ್ತಜ್ಜಿ ಬಂದು ಆಗಲೇ ನಲವತ್ತು ವರ್ಷವಾಗಿತ್ತು. ಅಲ್ಲೂ ಗುಮಾಸ್ತರ ಕೈಯಲ್ಲಿ ಇರುತ್ತಿದ್ದದ್ದು ಹಡಗಿನವರು ಮೊದಲೇ ಬರೆದು ತಂದ ಪಟ್ಟಿ.

ದಾರಿ ತೋರಿಸಿದ್ದು 1900ರ ಹಾಳೆಯ ಎರಡು ಪುಟ್ಟ ಅಂಕಿಗಳು. ಹೆತ್ತ ಮಕ್ಕಳು 9, ಬದುಕಿರುವವರು 5. ಎಲ್ಲ ಗಣತಿ ಸೇರಿಸಿದರೂ ನನಗೆ ಆರು ಮಕ್ಕಳು ಮಾತ್ರ ಕಂಡಿದ್ದರು. ಉಳಿದ ಮೂವರು ಎರಡು ಗಣತಿಗಳ ನಡುವೆ ಹುಟ್ಟಿ ಹೋಗಿಬಿಟ್ಟಿದ್ದರು. ಅವರನ್ನು ಹುಡುಕಲೇಬೇಕು ಅನ್ನಿಸಿತು. ಯಾವ ಪಟ್ಟಿಯಲ್ಲೂ ಸೇರದೆ ಹೋದ ಕೂಸುಗಳು. ಮೂವರೂ ಚರ್ಚಿನ ಜ್ಞಾನಸ್ನಾನದ ಪುಸ್ತಕದಲ್ಲಿ ಸಿಕ್ಕರು. ಒಂದು ಮಗುವಿಗೆ ಗಾಡ್‌ಫಾದರ್ (ಜ್ಞಾನಸ್ನಾನದಲ್ಲಿ ಮಗುವಿನ ಪರವಾಗಿ ನಿಲ್ಲುವವ) ಆಗಿದ್ದವನಿಗೆ ಮುತ್ತಜ್ಜಿಯ ತವರಿನ ಮನೆತನದ ಹೆಸರೇ ಇತ್ತು. 1860ರ ಗಣತಿಗೆ ಹಿಂತಿರುಗಿ ನೋಡಿದರೆ ಆತ ಅವರ ಮನೆಯಿಂದ ಎರಡು ಮನೆ ಆಚೆ ಇದ್ದಾನೆ, ಕಬ್ಬಿಣದ ಕಾರ್ಖಾನೆಯ ಕೂಲಿ. ಮುತ್ತಜ್ಜಿಯ ಅಣ್ಣ! ಅವನ ಸಮಾಧಿ ಕಲ್ಲಿನ ಮೇಲೆ ಐರ್ಲೆಂಡಿನ ರಾಸ್‌ಕಾಮನ್ ಕೌಂಟಿ (ಜಿಲ್ಲೆ) ಅಂತಲೂ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರುಗಳ ವಲಯ) ಹೆಸರೂ ಕೆತ್ತಿತ್ತು. ಮುತ್ತಜ್ಜಿಯ ಎಲ್ಲ ಗಣತಿಗಳಲ್ಲೂ ಇದ್ದದ್ದು ಬರೀ 'ಐರ್ಲೆಂಡ್'.

ಅಲ್ಲಿಂದ ಆಚೆಯ ಕಷ್ಟ ಬೇರೆ. 1821ರಿಂದ 1851ರವರೆಗಿನ ಐರ್ಲೆಂಡಿನ ಗಣತಿಯ ಬಹುಪಾಲು 1922ರಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಸಂಕೀರ್ಣದ ದಾಖಲೆ ಕಚೇರಿಯಲ್ಲಿ ಸುಟ್ಟುಹೋಯಿತು. 1861ರಿಂದ 1891ರವರೆಗಿನವನ್ನು ಸರ್ಕಾರವೇ ನಾಶ ಮಾಡಿತ್ತು. 1922ಕ್ಕಿಂತ ಮುಂಚಿನವುಗಳಲ್ಲಿ ಪೂರ್ತಿ ಉಳಿದಿರುವುದು 1901 ಮತ್ತು 1911 ಮಾತ್ರ. ಆದರೂ ಕ್ಯಾಥೊಲಿಕ್ ಚರ್ಚುಗಳ ಹಳೆಯ ಪುಸ್ತಕಗಳ ಚಿತ್ರಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಿಂದ ಉಚಿತವಾಗಿ ಇಂಟರ್ನೆಟ್‌ನಲ್ಲಿ ಇಟ್ಟಿದೆ. ಅಲ್ಲಿ ಸಿಕ್ಕಿತು: 1834ರ ಡಿಸೆಂಬರ್, ಮುತ್ತಜ್ಜಿಯ ಜ್ಞಾನಸ್ನಾನ. 1855ರ ಹಾಳೆ ಹೇಳಿದ್ದ 20 ಸರಿಯಾಗೇ ಇತ್ತು.

ಹೆಸರೊಂದು ಹೊಂದಿದರೆ ಸಾಲದು. ಊರಲ್ಲೇ ಉಳಿದಿದ್ದ ಅವರ ತಮ್ಮನನ್ನೂ ಹುಡುಕಿದೆ. ಆತ 1901ರಲ್ಲಿ 58, 1911ರಲ್ಲಿ 72. ಹತ್ತು ವರ್ಷದಲ್ಲಿ ಹದಿನಾಲ್ಕು ಏರಿದ್ದಕ್ಕೊಂದು ಕಾರಣ ಇದೆ. 1909ರ ಜನವರಿಯಿಂದ 70 ದಾಟಿದ ಬಡವರಿಗೆ ಪಿಂಚಣಿ ಬರತೊಡಗಿತು. ಹುಟ್ಟಿದ ದಾಖಲೆ ಇಲ್ಲದವರ ವಯಸ್ಸಿಗೆ ಸಾಕ್ಷಿಯಾಗಿ 1841 ಮತ್ತು 1851ರ ಗಣತಿಯಲ್ಲಿ ಅವರ ಹೆಸರು ಹುಡುಕುತ್ತಿದ್ದರು. ಗಣತಿ ಸುಟ್ಟರೂ ಆ ಹುಡುಕಾಟದ ಫಾರಂಗಳು ಎಷ್ಟೋ ಉಳಿದಿವೆ. ತಮ್ಮನ ಫಾರಂ ಸಿಕ್ಕಿತು. ಅಪ್ಪ, ಅಮ್ಮ, ಹಳ್ಳಿ ಮೂರೂ ಇದ್ದವು. ಟ್ರಾಯ್‌ನಲ್ಲಿ ಮುತ್ತಜ್ಜಿಯ ಮರಣ ದಾಖಲೆಯಲ್ಲಿದ್ದ ಅಪ್ಪ ಅಮ್ಮನ ಹೆಸರುಗಳೇ ಅವು. ಅಂದು ರಾತ್ರಿಯೇ ಅತ್ತೆಗೆ ಫೋನ್ ಮಾಡಿ ಹಳ್ಳಿಯ ಹೆಸರು ಹೇಳಿದೆ. ಅವರು ಎರಡು ಸಲ ಹೇಳಿಸಿಕೊಂಡು ಬರೆದುಕೊಂಡರು.

ವಂಶವೃಕ್ಷದಲ್ಲಿ 1834 ಎಂದು ಬರೆದು, ಕೆಳಗೆ ಆರು ಗಣತಿಗಳ ಆರು ವಯಸ್ಸನ್ನೂ ಹಾಗೇ ಇಟ್ಟಿದ್ದೇನೆ. ಮುಂದೆ ನೋಡುವವರಿಗೆ ನಾನು ಹೇಗೆ ತೀರ್ಮಾನಿಸಿದೆ ಅಂತ ತಿಳಿಯಬೇಕು.

ಈಗ ಅವರ ತಂಗಿಯನ್ನು ಹುಡುಕುತ್ತಿದ್ದೇನೆ. 1865ರ ರಾಜ್ಯ ಗಣತಿಯಲ್ಲಿ ಅಣ್ಣನ ಮನೆಯಲ್ಲಿದ್ದವಳು ಆಮೇಲೆ ಆ ಹೆಸರಿನಲ್ಲಿ ಎಲ್ಲೂ ಇಲ್ಲ. ಮದುವೆಯಾಗಿರಬೇಕು. ಟ್ರಾಯ್ ಚರ್ಚುಗಳ ಮದುವೆ ಪುಸ್ತಕಗಳಲ್ಲಿ ಸಾಕ್ಷಿಗಳ ಹೆಸರನ್ನು ಒಂದೊಂದಾಗಿ ಓದುತ್ತಿದ್ದೇನೆ.